ಮೂರನೇ ಮೆಟ್ಟಿಲಿನ ಸವತಿ

ಬಳ್ಳಾರಿಯಲ್ಲಿ ಅಲುಗದ ವಸ್ತುಗಳು ಎರಡು. ಒಂದು, ಕೋಟೆಯನ್ನು ಹೊತ್ತ ಗುಡ್ಡ. ಇನ್ನೊಂದು, ನನ್ನ ಗಂಡ ಸಿದ್ದಲಿಂಗೇಶರು ಗಿಟಾರಿನಲ್ಲಿ ಹಿಡಿಯುವ ‘ಜಿ’ ಎಂಬ ಶ್ರುತಿ.

ಗುಡ್ಡವಾದರೂ ಎಂದೋ ಒಂದು ದಿನ ಸವೆದೀತು. ಜಿ ಸವೆಯುವುದಿಲ್ಲ. ಜೋಗುಳವಿರಲಿ, ಮಂಗಳಾರತಿಯಿರಲಿ, ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬವಿರಲಿ, ನಮ್ಮವರ ಬೆರಳು ಹೋಗಿ ಕೂರುವುದು ಜಿಯಲ್ಲೇ. ಒಮ್ಮೆ ಮದುವೆಯೊಂದರಲ್ಲಿ ಶಾಸ್ತ್ರೀಯ ಸಂಗೀತ ಕಲಿತ ಮಹನೀಯರೊಬ್ಬರು, “ಸ್ವಲ್ಪ ಶ್ರುತಿ ಬದಲಿಸಿದರೆ ನಾನೂ ಒಂದು ಹಾಡುತ್ತಿದ್ದೆ” ಎಂದರು. ನಮ್ಮವರು ಮುಗುಳ್ನಕ್ಕು ಜಿ ಬಾರಿಸಿದರು. ಮಹನೀಯರು ಕಾದರು. ಇವರು ಜಿ ಬಾರಿಸಿದರು. ಕೊನೆಗೆ ಊಟದ ಪಂಕ್ತಿ ಎದ್ದುಹೋಗುವ ಹೊತ್ತಾದಾಗ ಮಹನೀಯರೇ ಜಿಗೆ ಶರಣಾದರು. ನಮ್ಮ ಓಣಿಯಲ್ಲಿ ಸೊಪ್ಪು ಮಾರುವ ಊರಮ್ಮ “ಕೊತ್ತಂಬ್ರೀ...” ಎಂದು ಕೂಗುವುದೂ ಈಗ ಜಿಯಲ್ಲೇ. (ಇದು ಉತ್ಪ್ರೇಕ್ಷೆ ಎನ್ನುವವರು ಬೆಳಿಗ್ಗೆ ಬಂದು ಕೇಳಬಹುದು. ಕೊತ್ತಂಬರಿಯೂ ತಾಜಾ ಇರುತ್ತದೆ.)

ಈ ಏಕಶ್ರುತಿ ವ್ರತಸ್ಥರು ಹೊಟ್ಟೆಪಾಡಿಗೆ ಜೀನ್ಸ್ ಪ್ಯಾಂಟು ಹೊಲಿಯುವವರಿಗೆ ಗುಂಡಿ, ಜಿಪ್ಪು ಮಾರುತ್ತಾರೆ. ಗಿಟಾರು ಕಾಲೇಜು ಹಾಸ್ಟೆಲಿನ ದಿನಗಳ ಗಳಿಕೆ. ನನ್ನ ಗಳಿಕೆ ನಮ್ಮಜ್ಜಿಯಿಂದ ಬಂದ ಜನಪದ ಹಾಡುಗಳು. ಎರಡೂ ಸೇರಿ ನಮ್ಮ ಬಳಗದಲ್ಲಿ ನಮಗೊಂದು ಸಿಂಹಾಸನವಾಯಿತು. ಯಾರದೇ ಮನೆಯಲ್ಲಿ ಕುಬಸವಿರಲಿ, ಅಂದರೆ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ಕೊಟ್ಟು ಉಡಿ ತುಂಬುವ ಶಾಸ್ತ್ರವಿರಲಿ, ಹಾಡು ಈ ಶೈಲಜಾಳದು, ಗಿಟಾರು ಸಿದ್ದಲಿಂಗೇಶರದು. ಅರಿಶಿನ ಕುಂಕುಮ ಮರೆತಾರು, ನಮ್ಮನ್ನು ಮರೆಯುತ್ತಿರಲಿಲ್ಲ.

ಹೀಗೆ ರಾಜ್ಯ ಸುಭಿಕ್ಷವಾಗಿರುವಾಗ ನಮ್ಮ ಮಾಳಿಗೆ ಮನೆಗೆ ಬಾಡಿಗೆಗೆ ಬಂದಳು ಶಶಿರೇಖಾ.

ಸಿರುಗುಪ್ಪದ ಕಡೆ ಕರೂರಿನ ಹುಡುಗಿ. ಇಲ್ಲಿ ಒಂದು ದವಾಖಾನೆಯಲ್ಲಿ ನರ್ಸು. ಗಂಡ ಮಾರೇಶ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ನೋಡಲು ಅಂಥ ಚೆಲುವೆಯೇನಲ್ಲ. (ಅಲ್ಲವೆಂಬುದನ್ನು ನಾನು ಬಾಗಿಲ ಸಂದಿಯಿಂದ, ಕಿಟಕಿಯಿಂದ, ಎದುರಿನಿಂದ, ಹೀಗೆ ಎಲ್ಲ ಕೋನಗಳಿಂದ ನೋಡಿ ಖಚಿತಪಡಿಸಿಕೊಂಡಿದ್ದೇನೆ.)

ಒಂದು ಸಂಜೆ ನಾನು ಮಿರ್ಚಿ ಕರಿಯುತ್ತಿದ್ದೆ. ನಮ್ಮವರು ಪಡಸಾಲೆಯಲ್ಲಿ ಜಿ ಬಾರಿಸುತ್ತಿದ್ದರು. ಡಬ್ಬಿ ವಾಪಸು ಕೊಡಲು ಬಂದ ಶಶಿರೇಖಾ ಅಲ್ಲೇ ನಿಂತಳು.

“ಅಣ್ಣಾರ, ನಾನೊಂದು ಹಾಡ್ಲೇನ್ರಿ?”

“ಹಾಡವ್ವ, ಕುಂದುರು.”

ಹಾಡಿದಳು. ಅದೂ ಯಾವುದನ್ನು? ನನ್ನ ಕುಬಸದ ಹಾಡನ್ನೇ! “ಬಾಗಲಾಗ ನಿಂತೋರು ಯಾರವ್ವ, ತವರವರು ಬಂದಾರ ನೋಡವ್ವ.” ಮೊದಲ ಸಾಲಿನಲ್ಲಿ “ಬಾಗಲಾಗ” ಎನ್ನುವಾಗ ಅವಳ ದನಿ ಬಾವಿಗೆ ಬಿದ್ದ ಕೊಡದಂತೆ ಎಲ್ಲೋ ಕೆಳಗೆ ಹೋಗಿ ಕಾಣೆಯಾಯಿತು. ಒಲೆಯ ಮುಂದೆ ನನಗೆ ಆದ ಆನಂದ ಅಷ್ಟಿಷ್ಟಲ್ಲ.

“ಅಣ್ಣಾರ, ಇದು ನನಗ ಭಾಳ ಕೆಳಗ ಆಗ್ತೈತ್ರಿ” ಎಂದಳು.

ಅಯ್ಯೋ ಹುಚ್ಚಿ, ಯಾರ ಮುಂದೆ ಏನು ಹೇಳುತ್ತಿದ್ದೀಯೆ, ಗುಡ್ಡಕ್ಕೆ ಪಕ್ಕಕ್ಕೆ ಸರಿ ಎನ್ನುತ್ತಿದ್ದೀಯಲ್ಲ, ಎಂದು ನಾನು ಜಾಲರಿ ಸೌಟು ಹಿಡಿದು ಕರುಣೆಯಿಂದ ಕಾದೆ.

“ಹೌದಲ್ಲ! ತಡಿಯವ್ವ” ಎಂದರು ನಮ್ಮವರು.

ಎದ್ದರು. ಟೇಬಲ್ಲಿನ ಡ್ರಾ ಎಳೆದರು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಶ್ರೀಮಂತ ಅಣ್ಣನಂಥ ಒಂದು ವಸ್ತುವನ್ನು ತೆಗೆದರು. ಕೇಪೋ ಅಂತ ಅದರ ಹೆಸರು. ಗಿಟಾರಿನ ಕುತ್ತಿಗೆಗೆ ಅದನ್ನು ಕಚ್ಚಿಸಿದರೆ ತಂತಿಗಳು ಗಿಡ್ಡವಾಗಿ ಶ್ರುತಿ ಮೇಲೇರುತ್ತದೆ. ಆ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳೇ ಮೆಟ್ಟಿಲು, ಒಂದೊಂದು ಮೆಟ್ಟಿಲು ಮುಂದೆ ಹಾಕಿದಂತೆ ಇನ್ನಷ್ಟು ಮೇಲೆ.

“ಹಾಡಿನಾಗ ಎಲ್ಲಾಕಿಂತ ಕೆಳಗಿನ ಮಾತು ಹಾಡವ್ವ. ಹಾಂ. ಈಗ ಎಲ್ಲಾಕಿಂತ ಮ್ಯಾಲಿಂದು. ಕೆಳಗಿಂದು ಮುಳುಗಬಾರದು, ಮ್ಯಾಲಿಂದು ಹರೀಬಾರದು. ಎರಡೂ ಎಲ್ಲಿ ಆರಾಮ ಬರ್ತಾವೋ ಅದ ನಿನ್ನ ಜಾಗ.”

ಮೊದಲನೇ ಮೆಟ್ಟಿಲಿಗೆ ಹಾಕಿದರು. ಎರಡನೆಯದಕ್ಕೆ ಹಾಕಿದರು. ಮೂರನೆಯದಕ್ಕೆ ಹಾಕಿದಾಗ ಅವಳು ಕಣ್ಣರಳಿಸಿ, “ಇಲ್ಲಿ ಭಾಳ ಆರಾಮ ಐತ್ರಿ ಅಣ್ಣಾರ” ಎಂದಳು.

ಗುಡ್ಡ ಅಲುಗಿತು. ಬಾಂಡಲಿಯಲ್ಲಿ ಮಿರ್ಚಿ ಇದ್ದಿಲಾಯಿತು.

ಊಟಕ್ಕೆ ಕುಳಿತಾಗ ವಿಚಾರಣೆ ಆರಂಭಿಸಿದೆ.

“ಏನ್ರಿ, ಆ ಕ್ಲಿಪ್ ಯಾವಾಗ ತಂದ್ರಿ?”

“ಗಿಟಾರ್ ತಂದಾಗಿಂದ ಐತಿ.”

“ಅಂದ್ರ ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದ್ರಿ.”

“ಮುಚ್ಚಿಟ್ಟಿದ್ದಿಲ್ಲ, ಡ್ರಾದಾಗಿತ್ತು. ನೀನ ದಿನಾ ಅದರಾಗ ಮಾತ್ರಿ ಇಡ್ತಿ.”

“ನನಗ ಒಂದು ಸಲರ ಹಾಕಿದ್ರೇನು?”

“ನಿನಗ್ಯಾಕ ಹಾಕ್ಬೇಕು?” ಎಂದು ಅವರು ಸಾರು ಸುರಿದುಕೊಂಡರು.

ನಿನಗ್ಯಾಕ! ಕೇಳಿದಿರಾ? ಕಂಡವರ ಮನೆಯ ಹೆಣ್ಣಿಗೆ “ಇದು ನಿನ್ನ ಜಾಗ” ಎಂದು ಹುಡುಕಿ ಕೊಡುವವರು ಕೈಹಿಡಿದ ಹೆಂಡತಿಗೆ ನಿನಗ್ಯಾಕ ಎನ್ನುತ್ತಾರೆ. ಅವಳು ಅಣ್ಣಾ ಎಂದು ಕರೆಯುತ್ತಾಳಲ್ಲ ಎನ್ನಬೇಡಿ. ನನ್ನ ಸ್ವಂತ ಅಣ್ಣ ಇವತ್ತಿನವರೆಗೆ ನನಗಾಗಿ ಒಂದು ಡ್ರಾ ಎಳೆದವನಲ್ಲ.

ಅಂದಿನಿಂದ ನನ್ನ ಗಂಟಲು ತನ್ನ ಮೇಲೆ ನಡೆದ ಶೋಷಣೆಯನ್ನು ನೆನಪಿಸಿಕೊಳ್ಳತೊಡಗಿತು. ಅದುವರೆಗೆ ಅಕ್ಕಿ ಆರಿಸುತ್ತ, ರೊಟ್ಟಿ ಬಡಿಯುತ್ತ ಅವರ ಜಿಗೆ ದನಿಗೂಡಿಸಿ ಹಾಡುತ್ತಿದ್ದೆ. ಅದು ಕಷ್ಟ ಎಂದು ನನಗೆ ಹೊಳೆದೇ ಇರಲಿಲ್ಲ. ಈಗ ಹೊಳೆಯಿತು. ಜಿ ಎಂದರೆ ಸಾಕು, ಕೆಮ್ಮು ಬರತೊಡಗಿತು. ಮೇಲಿನ ಮನೆಯಿಂದ “ತವರವರು ಬಂದಾರ” ಎಂದು ಕೇಳಿದರೆ ಕಾಳುಮೆಣಸಿನ ಕಷಾಯಕ್ಕೆ ನೀರಿಡುತ್ತಿದ್ದೆ.

ಇದರ ಮೇಲೆ ಕುರುಗೋಡಿನಿಂದ ನಾದಿನಿ ಕೊಟ್ರಮ್ಮನ ಫೋನು. ಅವಳ ಮಗಳು ನಂದಿನಿಯ ಕುಬಸ ಗೊತ್ತಾಗಿತ್ತು.

“ಅತ್ತಿಗಿ, ಅಣ್ಣ ವಾಟ್ಸಾಪಿನಾಗ ಕಳಿಸಿದ್ದ ಹಾಡು ಕೇಳಿದೆ. ಮ್ಯಾಲಿನ ಮನಿ ಹುಡುಗೀದು ದನಿ ಏನ್ ಚಂದ ಐತಿ! ಆಕೀನೂ ಕರ್ಕೊಂಡು ಬರ್ರಿ. ಈ ಸಲ ಕುಬಸದ ಹಾಡು ಆಕೀ ಕೈಲೆ ಹಾಡಸೂಣು, ಪಾಪ, ನಿಮಗೂ ಕೆಮ್ಮು ಅಂತಲ್ಲ.”

“ಕೆಮ್ಮು ಹೋತು” ಎಂದೆ. ಆ ಕ್ಷಣವೇ ಹೋಗಿತ್ತು.

“ಹಂಗಾರ ಮೊದ್ಲು ನೀವು ಹಾಡ್ರಿ. ಹೆಂಗ ಆಗ್ತೈತಿ ನೋಡಿ, ಆಮ್ಯಾಲೆ ಆಕಿ.”

ಹೆಂಗ ಆಗ್ತೈತಿ ನೋಡಿ! ಸಿಂಹಾಸನದ ಮೇಲೆ ಕುಳಿತವಳಿಗೆ ಪರೀಕ್ಷೆ! ನಾನು ಸೀದಾ ಪಡಸಾಲೆಗೆ ಬಂದು ಗಂಡನ ಮುಂದೆ ನಿಂತೆ.

“ನನಗೂ ಕ್ಲಿಪ್ ಹಾಕ್ರಿ.”

“ಎಲ್ಲಿಗೆ?”

“ಆಕೀಗೆ ಎಲ್ಲಿ ಹಾಕಿದ್ರಿ?”

“ಮೂರಕ್ಕ.”

“ನನಗ ಐದಕ್ಕ ಹಾಕ್ರಿ.”

“ಲೇ, ಅದು ಬಾಡಿಗಿ ಹೆಚ್ಚು ಮಾಡಿದಂಗಲ್ಲ. ಐದು ನಿನಗ ಮ್ಯಾಲ ಆಗ್ತೈತಿ.”

“ಬಾಡಿಗಿ ಇರಾಕಿ ಮೂರನೇದ್ರಾಗ, ಮನಿ ಒಡತಿ ನೆಲದ ಮ್ಯಾಲ ಕುಂದುರಬೇಕೇನು? ಹಾಕ್ರಿ ಅಂದ್ರ ಹಾಕ್ರಿ.”

ಹಾಕಿದರು. ನಾನು “ಬಾಗಲಾಗ ನಿಂತೋರು ಯಾರವ್ವ” ಎಂದು ಹಾಡಿದೆ. ಆಹಾ! ನನ್ನ ದನಿಯಲ್ಲಿ ಇಂಥ ಕಾಂತಿ ಅಡಗಿತ್ತೆಂದು ನನಗೇ ಗೊತ್ತಿರಲಿಲ್ಲ. ಕಂಚಿನ ತಟ್ಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಫಳಫಳ ಎಂದಿತು.

“ಇದು ಕೆಳಗಿನ ಸಾಲು” ಎಂದರು ಅವರು. “ಮ್ಯಾಲಿಂದು ಹಾಡಿ ನೋಡು. ಅದರಾಗ ಗೊತ್ತಾಗೂದು.”

“ಅದನ್ನ ಕುರುಗೋಡಿನಾಗ ಕೇಳ್ರಿ” ಎಂದು ನಾನು ವಿಜಯಗರ್ವದಿಂದ ಒಳಗೆ ನಡೆದೆ. ಕುಕ್ಕರಿನ ಸೀಟಿಯಾಗಿತ್ತು. (ಅದೂ ಐದನೇ ಮೆಟ್ಟಿಲಿನಲ್ಲೇ ಕೂಗಿದಂತೆ ಕೇಳಿತು.)

ಕುಬಸದ ದಿನ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಶಶಿರೇಖಾ, ಅವಳ ತೊಡೆಯ ಮೇಲೆ ನಮ್ಮ ಗಿಟಾರು. ಡಿಕ್ಕಿಯಲ್ಲಿ ಹಾಕಿದರೆ ಬಿಸಿಲಿಗೆ ತಂತಿ ಸಡಿಲವಾಗುತ್ತದಂತೆ. ನಾನು ಮುಂದೆ ಕುಳಿತು, ಕನ್ನಡಿಯಲ್ಲಿ ಗಿಟಾರಿನ ಮೇಲೆ ಒಂದು ಕಣ್ಣಿಟ್ಟು ಕುರುಗೋಡು ತಲುಪಿದೆ.

ಕೊಟ್ರಮ್ಮನ ಮನೆಯ ಪಡಸಾಲೆ ತುಂಬ ಹೆಂಗಸರು. ನಂದಿನಿ ಹಸಿರು ಸೀರೆಯುಟ್ಟು ಕುರ್ಚಿಯ ಮೇಲೆ ಕುಳಿತಿದ್ದಳು. ಪಕ್ಕದಲ್ಲೇ ಮಂಚದ ಮೇಲೆ ಕೊಟ್ರಮ್ಮನ ಅತ್ತೆ ಗಾದೆಮ್ಮ. ಈ ಮುದುಕಿ ಮನಸ್ಸಿಗೆ ಬಂದದ್ದನ್ನು ಇಡೀ ಓಣಿಗೆ ಕೇಳುವಂತೆ ಹೇಳುವವಳು. ನಮ್ಮವರು ಕುಳಿತರು. ಕ್ಲಿಪ್ಪನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು.

“ಇದನ್ನ ಬಿಟ್ಟ ಬಿಡ್ಲೇನು? ದಿನಾ ಇದಿಲ್ಲದ ಹಾಡ್ತಿಯಲ್ಲ, ಹಂಗ ಹಾಡು” ಎಂದು ಮೆಲ್ಲಗೆ ಕೇಳಿದರು.

“ಐದು” ಎಂದೆ ನಾನು, ಸೇನಾಪತಿಗೆ ಆಜ್ಞೆ ಕೊಡುವ ಮಹಾರಾಣಿಯಂತೆ.

ಹಾಕಿದರು. ಗಿಟಾರು ಗುಬ್ಬಿಗಳಂತೆ ಚಿಲಿಪಿಲಿ ಎಂದಿತು. “ಬಾಗಲಾಗ ನಿಂತೋರು ಯಾರವ್ವ” ಎಂದೆ. ಕೊಟ್ರಮ್ಮ ಹುಬ್ಬೇರಿಸಿದಳು. ಆರತಿ ತಟ್ಟೆ ಹಿಡಿದು ನಿಂತಿದ್ದ ಶಶಿರೇಖಾಳ ಕಡೆ ನಾನೊಂದು ನೋಟ ಬಿಸಾಕಿದೆ. ಆಮೇಲೆ, ಎದೆ ತುಂಬ ಉಸಿರು ತೆಗೆದುಕೊಂಡು, “ತವರವರು” ಎಂದು ಏರಿದೆ.

“ತವ” ಏರಿತು. ಉಳಿದದ್ದು ಏರಲಿಲ್ಲ. ನಡುದಾರಿಯಲ್ಲಿ ನನ್ನ ದನಿ ಎರಡು ಹೋಳಾಗಿ, ಒಂದು ಹೋಳು ಕೀಂಯ್ ಎಂದು ಫ್ಯಾನಿನ ಕಡೆ ಹೋಯಿತು, ಇನ್ನೊಂದು ಗೊರ್ ಎಂದು ಮಂಚದ ಕೆಳಗೆ ಇಳಿಯಿತು. ತೊಟ್ಟಿಲಲ್ಲಿ ಮಲಗಿದ್ದ ಯಾರದೋ ಕೂಸು ಎದ್ದು ಅಳತೊಡಗಿತು. ಬಿಡಲಿಲ್ಲ ನಾನು. ಮತ್ತೊಮ್ಮೆ “ತವರವರು” ಎಂದೆ. ಈ ಸಲ ಬಾಯಿ ಮಾತ್ರ ತೆರೆದಿತ್ತು, ಅದರಿಂದ ಏನೂ ಹೊರಡಲಿಲ್ಲ.

“ಯಾಕವ್ವಾ, ಗಂಟಲಾಗ ಮಿರ್ಚಿ ಸಿಕ್ಕೊಂತೇನು?” ಎಂದಳು ಗಾದೆಮ್ಮ. “ಯಾರರ ನೀರು ಕೊಡ್ರೇ ಆಕೀಗೆ! ತವರವರು ಬರೂದರಾಗ ಈಕೀನ ಹೋಗಂಗ ಕಾಣ್ತಾಳ!”

ನಂದಿನಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ನಗಬ್ಯಾಡಲೇ, ಬಸುರಿ ಅದಿ!” ಎಂದು ಗದರಿಸುತ್ತಲೇ ಕೊಟ್ರಮ್ಮ ತಾನೂ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಆ ಗದ್ದಲದಲ್ಲಿ ನಮ್ಮವರು ಕ್ಲಿಪ್ಪನ್ನು ಐದರಿಂದ ತೆಗೆದು ಮೂರಕ್ಕೆ ಹಾಕಿ ಮೇಲೆ ನೋಡಿದರು. ಶಶಿರೇಖಾ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. “ಅಕ್ಕಾ, ನೀವು ಒಂಚೂರು ಇದನ್ನ ಹಿಡಕೊಳ್ರಿ” ಎಂದವಳೇ “ತವರವರು ಬಂದಾರ ನೋಡವ್ವ” ಎಂದು ಎತ್ತಿಕೊಂಡಳು. ಎಷ್ಟು ಸಲೀಸಾಗಿ ಏರಿತು ಎಂದರೆ, ನಾಲ್ಕಾರು ಹೆಂಗಸರು ಬಾಗಿಲ ಕಡೆ ತಿರುಗಿ ನೋಡಿದರು, ನಿಜವಾಗಿಯೂ ಯಾರೋ ಬಂದರೇನೋ ಎಂದು. ಗಾದೆಮ್ಮ ಕಣ್ಣೊರೆಸಿಕೊಂಡಳು. ನಾನು ತಟ್ಟೆ ಹಿಡಿದು ನಿಂತಿದ್ದೆ. ದೀಪಕ್ಕೆ ಎಣ್ಣೆ ಸಾಕಷ್ಟಿತ್ತು, ಹೊಟ್ಟೆಯಲ್ಲಿ ಬೆಂಕಿಯೂ ಇತ್ತು.

ಊಟವಾದ ಮೇಲೆ ಮಾರೇಶ ಬಂದು ಶಶಿರೇಖಾಳನ್ನು ಸಿರುಗುಪ್ಪದ ಬಸ್ಸಿಗೆ ಕರೆದುಕೊಂಡು ಹೋದ. ಹೋಗುವಾಗ ಕೊಟ್ರಮ್ಮ ಅವಳ ಉಡಿಗೆ ಒಂದು ರವಿಕೆ ಕಣ ಹಾಕಿದಳು. ನನಗೆ ಕಲ್ಲುಸಕ್ಕರೆಯ ಪೊಟ್ಟಣ ಕೊಟ್ಟಳು, ಗಂಟಲಿಗೆ ಒಳ್ಳೆಯದಂತೆ.

ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ. ಕೋಳೂರು ದಾಟುವವರೆಗೆ ನಾನು ಕಲ್ಲುಸಕ್ಕರೆ ಚೀಪಿದೆ. (ಮಾತಾಡಲು ದನಿಯೇ ಇರಲಿಲ್ಲ.) ಅದು ಅಷ್ಟಿಷ್ಟು ಕೆಲಸ ಮಾಡಿದ ಮೇಲೆ, ಕೀರಲು ಗಂಟಲಿನಲ್ಲೇ ಆರೋಪಪಟ್ಟಿ ಓದಿದೆ.

“ಎಲ್ಲಾರ ಮುಂದ ನನ್ನ ಮರ್ಯಾದಿ ಹೋತು. ಈಗ ಮುಂದಿನ ಕುಬಸಕ್ಕೂ ಆಕೀನ. ಖರೇ ಹೇಳ್ರಿ. ಇಷ್ಟು ವರ್ಷ ನಾ ನಿಮ್ಮ ಬಾಜೂಕ ಕುಂತು ಹಾಡಿದೆ. ನನಗ ಒಂದು ದಿನ ಕ್ಲಿಪ್ ಹಾಕ್ಲಿಲ್ಲ, ನನ್ನ ಜಾಗ ಹುಡುಕ್ಲಿಲ್ಲ. ಆಕಿ ಬಂದ ದಿನಾನ ಹುಡುಕಿ ಕೊಟ್ರಿ. ಆಕೀಯಾಗ ಏನು ಕಂಡ್ರಿ?”

ಮುಂದೆ ಬತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ರಸ್ತೆ ತುಂಬ ಹೋಗುತ್ತಿತ್ತು. ನಮ್ಮವರು ಹಾರನ್ ಹೊಡೆದು, ಅದನ್ನು ದಾಟಿ, ಗೇರು ಬದಲಿಸಿ ಹೇಳಿದರು:

“ಆಕೀಗೆ ಜಿ ಕೂಡಲಿಲ್ಲ, ಅದಕ್ಕ ಹಾಕಿದೆ. ನಿನಗ ಕೂಡ್ತಿತ್ತು, ಹಾಕಲಿಲ್ಲ.”