ಪೂರ್ತಿ ವಿಳಾಸದ ಮಾಮಾ

ನಮ್ಮ ಸೋದರಮಾವನನ್ನು ಉಪ್ಪು ಎಲ್ಲಿದೆ ಎಂದು ಕೇಳುವವರು ಮೊದಲು ಕುಳಿತುಕೊಳ್ಳುವುದು ಒಳ್ಳೆಯದು. ‘ಅಫಜಲಪುರ, ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ನಮ್ಮ ಮನಿ, ಅಡಿಗಿ ಖೋಲಿ, ಮ್ಯಾಲಿನ ಫಳಿ, ಎಡಗಡಿ ಡಬ್ಬಿ’ ಎಂದು ಅವನು ಮುಗಿಸುವಷ್ಟರಲ್ಲಿ ಸಾರು ಆರಿರುತ್ತದೆ. ಕೇಳಿದವರು ಅದೇ ಅಡುಗೆಮನೆಯಲ್ಲಿ ನಿಂತಿದ್ದರೂ ಊರಿನ ಹೆಸರಿನಿಂದಲೇ ಶುರು! ‘ನಾ ಏನ್ ಟಪಾಲಿನಾಕೇನ್ರಿ?’ ಎಂದು ಅತ್ತೆ ರೇಗುತ್ತಿದ್ದಳು.

ಈ ಚಾಳಿ ಹತ್ತಿದ್ದು ಕಂಪ್ಯೂಟರಿನಿಂದ. ಮನೆಯ ಮುಂಭಾಗದಲ್ಲೇ ಅವನ ಫೋಟೋ ಸ್ಟುಡಿಯೋ. ಕಂಪ್ಯೂಟರು ತಾನಾಗಿ ಕೆಲಸ ಮಾಡಲೆಂದು ಸ್ಕ್ರಿಪ್ಟ್ ಬರೆಯುವುದನ್ನು ಹೇಗೋ ಕಲಿತಿದ್ದ. ಪ್ರತಿ ಫೈಲಿಗೂ ಡಿ ಡ್ರೈವಿನಿಂದ ಹಿಡಿದು ಪೂರ್ತಿ ದಾರಿ ಬರೆಯಬೇಕು, ಅರ್ಧ ವಿಳಾಸ ಸೋಮಾರಿಗಳಿಗೆ ಎನ್ನುವುದು ಅವನ ಹಟ.

ಕೆಲಸಕ್ಕೆ ಕುಳಿತರೆ ಊಟತಿಂಡಿಯ ನೆನಪೇ ಇಲ್ಲದ ಪ್ರಾಣಿ. ಬೇಸತ್ತ ಅತ್ತೆ ತನ್ನ ಧ್ವನಿಯನ್ನೇ ರೆಕಾರ್ಡ್ ಮಾಡಿಕೊಟ್ಟು, ಅದನ್ನು ಕೇಳಿಸಲು ಅವನಿಂದಲೇ ಒಂದು ಸ್ಕ್ರಿಪ್ಟ್ ಬರೆಸಿದಳು. ಬೆಳಿಗ್ಗೆ ಕಂಪ್ಯೂಟರು ಶುರುವಾದೊಡನೆ, ‘ಅಂಗಡಿ ಆಮ್ಯಾಲ. ಮೊದಲ ನಾಷ್ಟಾ ಮಾಡ್ರಿ’ ಎಂದು ಓಣಿಗೆಲ್ಲ ಕೇಳುತ್ತಿತ್ತು. ಮಾಮಾ ಗೊಣಗುತ್ತ ಎದ್ದು ಹೋಗಿ, ಚುರುಮುರಿ ನೆನೆಸಿ ಒಗ್ಗರಿಸಿದ ಸುಸಲಾ ತಿನ್ನುತ್ತಿದ್ದ.

ಹೋದ ವರ್ಷ ಅತ್ತೆ ತೀರಿಕೊಂಡಳು. ಕಂಪ್ಯೂಟರಿಗೆ ಅದು ಹೇಗೆ ಗೊತ್ತಾಗಬೇಕು? ಅದು ದಿನಾ ಕರೆಯುತ್ತಿತ್ತು. ಮಾಮಾ ತಾನೇ ಸುಸಲಾ ಮಾಡಿಕೊಂಡು ತಿನ್ನುತ್ತಿದ್ದ.

ಆಮೇಲೆ ಆ ಹಳೆಯ ವಿಂಡೋಸ್ ಕಂಪ್ಯೂಟರೂ ಹೋಯಿತು. ನಾನೇ ಇನ್ನೊಂದನ್ನು ತಂದು, ಲಿನಕ್ಸ್ ಹಾಕಿ, ಫೈಲುಗಳನ್ನೆಲ್ಲ ತುಂಬಿ ನಾನಿರುವ ಜೇವರ್ಗಿಗೆ ಮರಳಿದೆ. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ಮಾಮಾನ ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು.

‘ನಾಷ್ಟಾ ಆತೇನ್ರಿ ಮಾಮಾ?’

‘ಮಾಡ್ರಿ ಅಂತ ಯಾರೂ ಅನ್ನವಲ್ರಲ್ಲೋ.’

ಕಂಪ್ಯೂಟರು ತೆರೆದು ನೋಡಿದೆ. ಅತ್ತೆಯ ಧ್ವನಿ ಸ್ಕ್ರಿಪ್ಟಿನ ಪಕ್ಕದಲ್ಲೇ, ಅದೇ ಫೋಲ್ಡರಿನಲ್ಲಿ ಕ್ಷೇಮವಾಗಿತ್ತು. ಸ್ಕ್ರಿಪ್ಟು ಮಾತ್ರ ಇಲ್ಲದ ಡಿ ಡ್ರೈವನ್ನು ಹುಡುಕಿ ಹುಡುಕಿ ಸುಮ್ಮನಾಗುತ್ತಿತ್ತು.

‘ಈ ಮಷೀನಿನ್ಯಾಗ ಡಿ ಅನ್ನೂದೇ ಇಲ್ರಿ. ದಾರಿ ಬರಿಯೋ ಓರೆಗೆರಿ ಸುದ್ದಾ ಇಲ್ಲಿ ಇನ್ನೊಂದ್ ಕಡೆ ವಾಲ್ತದ. ತಾನಿದ್ದಲ್ಲಿಂದನ ಹುಡಕು ಅಂತ ಬರ್ಯಾಕತ್ತೇನಿ. ನಾಳೆ ಯಾವ ಮಷೀನಿಗೆ ಒಯ್ದ್ರೂ ನಡೀತದ.’

‘ಊರ ಹೆಸರ ಇಲ್ದ?’

‘ಇಲ್ದ.’

‘ದಾರಿ ತಪ್ಪಿದ್ರ?’

‘ಅತ್ತಿ ಬಾಜೂಕ ಅದಾಳ್ರಿ ಮಾಮಾ. ದಾರೀನ ಇಲ್ಲ, ತಪ್ಪೂದೆಲ್ಲಿ?’

ಬರೆದು ಮುಗಿಸಿದೆ. ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ.

‘ಅಂಗಡಿ ಆಮ್ಯಾಲ. ಮೊದಲ ನಾಷ್ಟಾ ಮಾಡ್ರಿ.’

ಅವನು ಮೊದಲಿನಂತೆ ಗೊಣಗಲಿಲ್ಲ. ಎದ್ದು ಒಳಗೆ ಹೋಗಿ ಚುರುಮುರಿ ನೆನೆಸಿದ. ನಾನು ಹಿಂದೆಯೇ ಹೋಗಿ ಉಳ್ಳಾಗಡ್ಡಿ ಹೆಚ್ಚಿಕೊಟ್ಟೆ.

‘ಉಪ್ಪು ಎಲ್ಲೈತ್ರಿ ಮಾಮಾ?’

ಅಫಜಲಪುರ ಎನ್ನುತ್ತಾನೆಂದು ಕಾದೆ. ಮಾಮಾ ಬೆನ್ನು ತಿರುಗಿಸಿ, ತೋಳಿನಿಂದ ಮುಖ ಒರೆಸಿಕೊಂಡ.

‘ಇಲ್ಲೇ ಐತಲೇ,’ ಎಂದ. ‘ಬಾಜೂಕ.’