ನಾಲ್ಕು ಕಾಲಿನ ಗಿಳಿಯ ಆರೋಗ್ಯಪತ್ರ

ಹೊರದೇಶದ ಸಾಕುಪ್ರಾಣಿಗಳ ಮಳಿಗೆಯ ಮಾಲೀಕರಿಗೆ,

ಮಾನ್ಯರೇ,

ತಾವು ನನ್ನ ಚಿಕ್ಕಮ್ಮನಿಗೆ ರೋಗದ ಗಿಳಿಯನ್ನು ‘ರೋಗಮುಕ್ತ’ ಎಂದು ಬರೆದುಕೊಟ್ಟು ಮಾರಿದ್ದೀರಿ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಟ್ಟದ್ದರಿಂದ, ಇನ್ನು ನಿಶ್ಚಿಂತೆಯಿಂದ ತಮಗೂ ತಮ್ಮ ಗಾಜಿನ ಪೆಟ್ಟಿಗೆಗಳಲ್ಲಿರುವ ಓತಿ, ಆಮೆ, ಹಾವುಗಳಿಗೂ ಗೌರವಪೂರ್ವಕ ನಮಸ್ಕಾರಗಳನ್ನು ಸಲ್ಲಿಸುತ್ತೇನೆ.

ಚಿಕ್ಕಮ್ಮ ಬಟ್ಟೆ ಹೊಲಿಯುವವರು. ಎರಡು ಸಲ ಅಳೆಯದೆ ಕತ್ತರಿ ಹಾಕುವವರಲ್ಲ. ಬೇರೆ ಗಿರಾಕಿಗಳು ಹಕ್ಕಿಯ ಬಣ್ಣ ಮನೆಯ ಪರದೆಗೆ ಹೊಂದುತ್ತದೆಯೇ ಎಂದು ಕೇಳುತ್ತಿದ್ದಾಗ, ಅವರೊಬ್ಬರೇ ಕಾಯಿಲೆಯಿಲ್ಲದ್ದು ಬೇಕೆಂದು ಹಠ ಹಿಡಿದರು. ಆ ಬೇಡಿಕೆಯನ್ನು ತಾವು ಪೂರೈಸಿದ ವೇಗವನ್ನು ಮೆಚ್ಚಲೇಬೇಕು. ಮೊದಲೇ ಸಹಿ ಬಿದ್ದಿದ್ದ ಆರೋಗ್ಯಪತ್ರವೊಂದು ತಮ್ಮ ಡ್ರಾಯರಿನಿಂದ ಹೊರಬಂತು. ‘ನಾಲ್ಕೂ ಕಾಲುಗಳು ಸದೃಢ, ಪೊರೆ ಕಳಚುವಿಕೆ ಕ್ರಮಬದ್ಧ’ ಎಂದು ನಾನು ಮನೆಯಲ್ಲಿ ಓದಿ ಹೇಳಿದಾಗ ಚಿಕ್ಕಮ್ಮ ಗಿಳಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡೇ ಇದ್ದವು. ಉಳಿದೆರಡು ಕಾಲುಗಳು ಬಹುಶಃ ಬೇರೆ ಪೆಟ್ಟಿಗೆಯಲ್ಲಿ ಬರುತ್ತಿರಬೇಕೆಂದು ಸುಮ್ಮನಾದೆವು.

ಗಿಳಿ ಮಾತ್ರ ಬಲು ಪ್ರತಿಭಾವಂತ. ಮೊದಲ ವಾರ ಹೊಲಿಗೆ ಯಂತ್ರದ ಸದ್ದು ಕಲಿಯಿತು, ಎರಡನೆಯ ವಾರ ಸೀನತೊಡಗಿತು, ಮೂರನೆಯ ವಾರ ಚಿಕ್ಕಮ್ಮನ ಕೆಮ್ಮನ್ನು ಕಲಿಯಿತು. ಹಾಸಿಗೆ ಹಿಡಿದಿದ್ದ ಅವರ ಎದೆಯನ್ನು ಡಾಕ್ಟರು ಆಲಿಸುತ್ತಿದ್ದಾಗ ಅದೇ ಕೆಮ್ಮು ಬೆನ್ನ ಹಿಂದಿನಿಂದಲೂ ಕೇಳಿಸಿ, ಡಾಕ್ಟರು ತಿರುಗಿ ಪಂಜರವನ್ನು ಕಂಡರು. ಪರೀಕ್ಷೆ ಮಾಡಿಸಿದರೆ ಇಬ್ಬರದೂ ಒಂದೇ ರೋಗ. ತಮ್ಮ ಪತ್ರ ಮುಚ್ಚಿಟ್ಟದ್ದನ್ನು ಹಕ್ಕಿಯೇ ಹೇಳಿಬಿಟ್ಟಿತು.

ದೂರು ಹೇಳಲು ಬಂದ ನನಗೆ ತಾವು ಕೊಟ್ಟ ಸಮಾಧಾನವನ್ನು ಮರೆಯಲಾರೆ. “ಅದನ್ನ ವಾಪಸ್ ಕೊಡಮ್ಮ, ಬೇರೆ ಕೊಡ್ತೀನಿ. ಇದನ್ನ ಇನ್ಯಾರಾದ್ರೂ ತಗೊಂಡು ಹೋಗ್ತಾರೆ.” ನಾನು ಕೊಡಲಿಲ್ಲ. ಈಗ ಇಬ್ಬರಿಗೂ ಬೇರೆ ಬೇರೆ ಕೋಣೆಯಲ್ಲಿ ಔಷಧಿ ನಡೆದಿದೆ. ಗೋಡೆಯಾಚೆ ಕೆಮ್ಮು ಕೇಳಿದಾಗಲೆಲ್ಲ ಚಿಕ್ಕಮ್ಮ, “ಅದಕ್ಕೆ ಔಷಧಿ ಹಾಕಿದ್ಯೇನೇ?” ಎನ್ನುತ್ತಾರೆ.

ಆದರೆ ಅದೇ ಪಂಜರದಲ್ಲಿ ಜೊತೆಗೆ ಬಂದ ನಾಲ್ಕು ಗಿಳಿಗಳು ಇನ್ನೂ ತಮ್ಮ ಮಳಿಗೆಯಲ್ಲಿವೆ. ನಾಲ್ಕಕ್ಕೂ ಅದೇ ಪತ್ರ, ಒಟ್ಟು ಹದಿನಾರು ಕಾಲು. ಭಾನುವಾರ ಅವು ನಾಲ್ಕು ಮನೆಗಳಿಗೆ ಹೋಗಲಿವೆಯೆಂದು ತಮ್ಮ ಫಲಕವೇ ಹೇಳುತ್ತಿದೆ. ನಾನು ಓದಿದ ಕರಪತ್ರವೊಂದರ ಪ್ರಕಾರ, ರೋಗವಿಲ್ಲದ ಪ್ರಾಣಿ ಬೇಕೆಂದು ಒಬ್ಬರು ಕೇಳಿದರೆ ಕಾಗದ ಸಿಗುತ್ತದೆ, ಎಲ್ಲರೂ ಕೇಳಿದರೆ ಪರೀಕ್ಷೆ ನಡೆಯುತ್ತದೆ. ಹಾಗಾಗಿ ಅದನ್ನು ಕೈಯಾರೆ ನಕಲು ಮಾಡಿ ತಮ್ಮ ಬೀದಿಯ ತುಂಬ ಹಂಚಿದ್ದೇನೆ. ರೋಗವಿಲ್ಲದ ಗಿಳಿಯೇ ಬೇಕಿದ್ದರೆ ಹುಟ್ಟಿದ ಮರದಲ್ಲೇ ಬಿಡಬಹುದಿತ್ತು ಎಂಬ ಸಾಲು ಮೂಲದಲ್ಲಿರಲಿಲ್ಲ, ನಾನೇ ಸೇರಿಸಿದೆ.

ಆದ್ದರಿಂದ ತಾವು ದಯಮಾಡಿ ಆ ನಾಲ್ಕನ್ನೂ ಮಾರದೆ ಪರೀಕ್ಷೆ ಮಾಡಿಸಬೇಕು. ಅದು ಕಷ್ಟವೆನಿಸಿದರೆ ಕೊರತೆಯಿರುವ ಎಂಟು ಕಾಲುಗಳನ್ನಾದರೂ ತರಿಸಿ ಜೋಡಿಸಿ, ತಮ್ಮ ಮಾತನ್ನು ಉಳಿಸಿಕೊಳ್ಳಬೇಕು.

ತಮ್ಮ ಆರೋಗ್ಯಪತ್ರವನ್ನು ಬಿಟ್ಟು ಉಳಿದೆಲ್ಲದರಲ್ಲಿ,
ತಮ್ಮ ವಿಶ್ವಾಸಿ,
ಹೊಲಿಗೆಯವರ ಅಕ್ಕನ ಮಗಳು

ಮರೆತ ಮಾತು: ಭಾನುವಾರ ತಮ್ಮ ಮಳಿಗೆಗೆ ನಮ್ಮ ಗಿಳಿಯನ್ನೂ ಕರೆತರಬೇಕೆಂದಿದ್ದೆ, ಸೋಂಕು ಹರಡೀತೆಂದು ಪ್ರಾಣಿವೈದ್ಯರು ಬೇಡವೆಂದರು. ಅದರ ಕೆಮ್ಮನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಬರುವ ಗಿರಾಕಿಗಳಿಗೆಲ್ಲ ಕೇಳಿಸುವೆ. ತಾವು ಬಾಗಿಲು ತೆಗೆಯುವುದು ಹತ್ತಕ್ಕೆ. ಪ್ರಾಣಿವೈದ್ಯರೂ ನಾನೂ ಅಂದು ಬೆಳಿಗ್ಗೆ ಒಂಬತ್ತೂವರೆಗೇ ತಮ್ಮ ಮೆಟ್ಟಿಲ ಮೇಲಿರುತ್ತೇವೆ.