ತೋಳಿಗೆ ಕಟ್ಟಿದ ಸಮಾಧಾನ

ನರಿಮೊಗರಿನ ಅಡಿಗೆ ಯಜ್ಞೇಶ್ವರ ಭಟ್ಟರಿಗೆ ಡಾಕ್ಟರು ಉಪ್ಪು ನಿಲ್ಲಿಸಿ ಎಂಟು ತಿಂಗಳಾಗಿತ್ತು. ಸಾವಿರ ಜನರ ಸಾರಿಗೆ ಕಣ್ಣಳತೆಯಲ್ಲೇ ಉಪ್ಪು ಹಾಕುವ ಮನುಷ್ಯ ಮನೆಯಲ್ಲಿ ಸಪ್ಪೆ ಗಂಜಿ ಉಣ್ಣುತ್ತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಉಗ್ರಾಣದ ಮೂಲೆಯ ಭರಣಿ. ಅದರಲ್ಲಿ ಅವರ ಕೈಯಾರೆ ಹಾಕಿದ, ಜೀರಿಗೆ ಪರಿಮಳದ ಮಾವಿನ ಮಿಡಿಯ ಉಪ್ಪಿನಕಾಯಿ ಇತ್ತು. ಮಿಡಿ ಬಿಟ್ಟ ಮರ ರಸ್ತೆ ಅಗಲ ಮಾಡುವಾಗ ಉರುಳಿತ್ತು. ಲೋಕದಲ್ಲಿ ಆ ಮಿಡಿ ಉಳಿದಿದ್ದದ್ದು ಆ ಒಂದು ಭರಣಿಯಲ್ಲಿ ಮಾತ್ರ, ಭರಣಿಯ ಕಾವಲು ಹೆಂಡತಿ ಮನೋರಮಾಳದ್ದು.

ಒಂದು ಬೆಳಿಗ್ಗೆ ಪುತ್ತೂರಿನಲ್ಲಿ ಡಾಕ್ಟರ್ ಸಾಕ್ಷಿ ಭಟ್ಟರ ತೋಳಿಗೆ ಒಂದು ಮಿಷನ್ ಕಟ್ಟಿದರು.

"ಇದು ಅರ್ಧ ಗಂಟೆಗೊಮ್ಮೆ ತೋಳು ಹಿಂಡಿ ಬಿಪಿ ಬರೆದುಕೊಳ್ತದೆ. ಆಗ ಕೈ ಅಲ್ಲಾಡಿಸಬೇಡಿ, ಸಮಾಧಾನದಲ್ಲಿರಿ. ನಾಳೆ ಎಲ್ಲ ಸರಿ ಬಂದ್ರೆ ಮತ್ತೆ ನೋಡುವ."

ನೋಡುವುದೆಂದರೆ ಉಪ್ಪಿನಕಾಯಿಗೆ ಅನುಮತಿ ಕೊಡುವುದಲ್ಲದೆ ಇನ್ನೇನು ಎಂದು ಭಟ್ಟರು ತಾವೇ ತೀರ್ಮಾನಿಸಿದರು. ಒಂದು ದಿನ ಕೋಪ ಬಾರದಿದ್ದರೆ ಸಾಕು. ಸಾರು ಉಕ್ಕಿದರೆ ಸೌಟು ಎಸೆಯುವವರಿಗೆ ಅದೇನು ಸಣ್ಣ ಮಾತಲ್ಲ.

ವಾಪಸು ಬರುವಾಗ ಅಬ್ದುಲ್ ರಹ್ಮಾನನ ರಿಕ್ಷಾದಲ್ಲಿ ಮಿಷನ್ ಗುಂಯ್ ಎಂದಿತು. ಭಟ್ಟರು ರಿಕ್ಷಾ ನಿಲ್ಲಿಸಿ, ಗರುಡಗಂಬದ ಹಾಗೆ ನೆಟ್ಟಗೆ ಕೂತರು.

"ಎಂತ ಭಟ್ರೆ ಇದು?"

"ಕೋಪ ಬಂದ್ರೆ ಇದಕ್ಕೆ ಗೊತ್ತಾಗ್ತದೆ ಮಾರಾಯ."

ರಹ್ಮಾನ್ ಅವರನ್ನು ಮನೆಗೆ ಬಿಟ್ಟು ರಿಕ್ಷಾ ಸ್ಟ್ಯಾಂಡಿಗೆ ಹೋದ. ಅಲ್ಲಿ ಸುದ್ದಿಗೆ ಕೈಕಾಲು ಬಂತು. ಭಟ್ಟರ ತೋಳಿಗೊಂದು ಮಿಷನ್ ಕಟ್ಟಿದ್ದಾರೆ, ಕೋಪ ಬಂದರೆ ಅದು ಒಡೆಯುತ್ತದೆ, ಒಡೆದರೆ ಭಟ್ಟರೂ ಇಲ್ಲ ಎಂದಾಯಿತು.

ಹನ್ನೊಂದಕ್ಕೆಲ್ಲ ಜಗಲಿ ತುಂಬಿತು, ರಹ್ಮಾನನೂ ಬಂದ. ಎಲ್ಲರೂ ಪಿಸುಗುಟ್ಟುತ್ತಿದ್ದರು. ನೆರೆಮನೆಯ ಚನಿಯಪ್ಪ ಗೌಡರು ತಾವಾಗಿ ಮೇಸ್ತ್ರಿಕೆ ವಹಿಸಿಕೊಂಡರು.

"ಯಾರೂ ಹತ್ರ ಹೋಗುದು ಬೇಡ. ಭಟ್ರೆ, ನೀವು ಸಮಾಧಾನ ಮಾಡಿ ಆಯ್ತಾ?"

"ನಾನು ಸಮಾಧಾನದಲ್ಲೇ ಇದ್ದೇನೆ ಗೌಡ್ರೆ."

"ಸ್ವರ ಸ್ವಲ್ಪ ದೊಡ್ಡ ಆಯ್ತು," ಎಂದರು ಪೂವಮ್ಮ. ಅವರು ಗೌಡರ ಹೆಂಡತಿ. ಅಷ್ಟಕ್ಕೇ ನಾಲ್ಕು ಜನ ಅಂಗಳಕ್ಕಿಳಿದರು.

ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಭಟ್ಟರು ಬೆಚ್ಚಿದರೆಂದು ಗೌಡರು ಅಡಿಗೆಮನೆಗೆ ನುಗ್ಗಿ ಕುಕ್ಕರ್ ಇಳಿಸಿದರು, ಮಿಕ್ಸಿಯ ವಯರನ್ನು ಕಿತ್ತು ಕಿಸೆಗೆ ಹಾಕಿಕೊಂಡರು. ಬೇಳೆ ಬೇಯಲಿಲ್ಲ, ಕಾಯಿ ಅರೆದಾಗಲಿಲ್ಲ. ಹೊತ್ತು ಮಾತ್ರ ಊಟದ್ದಾಯಿತು. ಮಧ್ಯಾಹ್ನ ಜಗಲಿಯಲ್ಲಿದ್ದವರನ್ನು ಉಣ್ಣಿಸದೆ ಕಳಿಸುವ ಮನೆ ಅದಲ್ಲ. ಮನೋರಮಾ ಹದಿನಾಲ್ಕು ಎಲೆ ಹಾಕಿದಳು. ಒಲೆಯ ಮೇಲೆ ಬೆಂದ ಅನ್ನ ಇತ್ತು, ಮಜ್ಜಿಗೆ ಇತ್ತು. ಜತೆಗೆ ಬಡಿಸಲು ಏನೂ ಇಲ್ಲ.

ಅವಳು ಉಗ್ರಾಣಕ್ಕೆ ಹೋದಳು. ಭಟ್ಟರಿಗೆ ಪರಿಮಳ ಮೊದಲು ಬಂತು, ಭರಣಿ ಆಮೇಲೆ.

"ಮನೋರಮಾ," ಎಂದು ಅವರು ಏಳುವಷ್ಟರಲ್ಲಿ ಮಿಷನ್ ಗುಂಯ್ ಎಂದಿತು. ಕೈ ಅಲ್ಲಾಡಿಸುವಂತಿಲ್ಲ. ಭಟ್ಟರು ಕೂತರು. ಒಂದೊಂದು ಎಲೆಗೆ ಎರಡೆರಡು ಮಿಡಿ ಬಿದ್ದವು. ಗೌಡರು ನಾಲ್ಕು ಹಾಕಿಸಿಕೊಂಡು, ರಸವನ್ನು ಬೆರಳಲ್ಲಿ ನೆಕ್ಕುತ್ತಾ, "ಆಸೆ ಬಿಟ್ರೆ ಕೋಪ ತನ್ನಷ್ಟಕ್ಕೆ ಹೋಗ್ತದೆ ಭಟ್ರೆ," ಎಂದರು.

ಭಟ್ಟರಿಗೆ ಅಳು ಬಂತು. ಕಣ್ಣು ಮುಚ್ಚಿಕೊಂಡು ಒಂದನ್ನೇ ಧ್ಯಾನಿಸಿದರು. ಭರಣಿಯ ತಳದಲ್ಲಿ ನಾಲ್ಕಾದರೂ ಉಳಿದೀತು. ನಾಳೆ ಬಿಸಿ ಗಂಜಿ, ತೊಟ್ಟು ಕಚ್ಚಿ ಎಸೆದು ಒಂದು ಮಿಡಿ. ಎದೆ ತಂಪಾಯಿತು. ಸಂಜೆ ಬಂದ ಇನ್ನೊಂದು ಗುಂಪಿನ ಎದುರೂ, ರಾತ್ರಿ ಹಾಸಿಗೆಯಲ್ಲೂ ಅವರು ಆ ನಾಲ್ಕು ಮಿಡಿಗಳನ್ನೇ ಜಪಿಸಿದರು.

ಮರುದಿನ ಡಾಕ್ಟರ್ ಸಾಕ್ಷಿ ಕಂಪ್ಯೂಟರ್ ನೋಡಿ ಕನ್ನಡಕ ತೆಗೆದರು.

"ಇಡೀ ದಿನ ಒಂದೇ ಸಮ. ಇಷ್ಟು ಒಳ್ಳೆ ರಿಪೋರ್ಟ್ ನಾನು ನೋಡಿಯೇ ಇಲ್ಲ."

"ಹಾಗಾದ್ರೆ ಡಾಕ್ಟ್ರೆ, ಇನ್ನು ಉಪ್ಪು?"

"ಉಪ್ಪು ಬಿಟ್ಟದ್ದರಿಂದಲೇ ಅಲ್ವಾ ಭಟ್ರೆ ಇದು. ಇನ್ನು ಈ ಸಪ್ಪೆ ಪಥ್ಯ ಬಿಡ್ಲಿಕ್ಕೇ ಇಲ್ಲ, ಜೀವಮಾನ ಮುಂದುವರಿಸಿ."

ಜತೆಗೆ ಬಂದಿದ್ದ ಮನೋರಮಾಳ ಕಣ್ಣು ತುಂಬಿ ಬಂತು. ಚೀಲದಿಂದ ಒಂದು ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮಿಂದ ಇವರು ಉಳಿದ್ರು. ಭರಣಿಯಲ್ಲಿ ಕಡೆಗೆ ಉಳಿದದ್ದು ನಾಲ್ಕೇ ಮಿಡಿ, ನೀವು ಬೇಡ ಹೇಳ್ಬಾರ್ದು."

ಡಾಕ್ಟರು ಬೇಡ ಹೇಳಲಿಲ್ಲ.

ಭಟ್ಟರು ಹೊರಗೆ ಬಂದು ರಿಕ್ಷಾ ಹತ್ತಿದರು. ತೋಳು ಬರಿದಾಗಿರುವುದನ್ನು ರಹ್ಮಾನ್ ಕನ್ನಡಿಯಲ್ಲಿ ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡ.

"ಮಿಷನ್ ತೆಗೆದ್ರಲ್ಲ, ಇನ್ನು ಹೇಳ್ಬಹುದು ಭಟ್ರೆ. ನಿನ್ನೆ ಆ ಉಪ್ಪಿನಕಾಯಿ ಭಾರೀ ಪರಿಮಳ ಇತ್ತು ಮಾರಾಯ್ರೆ. ಉಪ್ಪು ಮಾತ್ರ ಸ್ವಲ್ಪ ಕಡಿಮೆ ಆಗಿತ್ತು."